ಸುಮ್ಮನೆ ನಡೆದವಳು

ಠಣ್... ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ, ಠಣ್.

ಕಳೆದ ವಾರ ಮಧುಗಿರಿಯ ನಮ್ಮ ರಸ್ತೆಯಲ್ಲಿ ಕುರಿಮಂದೆಯೊಂದು ಹಾದುಹೋಯಿತು. ಮುಂದಿನ ಟಗರಿನ ಕೊರಳಲ್ಲಿ ಗಂಟೆ. ಗೇಟಿನ ಬಳಿ ನಿಂತಿದ್ದ ನಾನು ಕಾಫಿ ಲೋಟ ಅಲ್ಲೇ ಇಟ್ಟು, ಮಂದೆಯ ಹಿಂದೆ ತಿರುವಿನವರೆಗೂ ಹೋದೆ. ಸಿಲ್ಲಿ, ಐ ನೋ. ಆದರೆ ಅಂಥದೇ ಗಂಟೆ ಒಬ್ಬ ಹೆಣ್ಣುಮಗಳ ಕಾಲಿನಲ್ಲಿ ಸದ್ದು ಮಾಡಿದ್ದನ್ನು ಕೇಳಿದವಳು ನಾನು. ಅದು ನಿಂತುಹೋದದ್ದನ್ನೂ.

ಅವಳು ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದಳು. ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದುದರಿಂದ ಬೀದಿಗೆಲ್ಲ ಡ್ರಾಯಿಂಗ್ ಮಿಸ್. ಗೌಡಗೆರೆ ಕಡೆಯ ಕುರಿ ಸಾಕುವ ಮನೆಯವಳು. ನಾನೋ ಕಾನ್ವೆಂಟಿನಲ್ಲಿ ಓದಿ, ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವಳು. ಒಂದು ಸಂಜೆ ಕಾಫಿಗೆಂದು ಕೆಳಗಿಳಿದು ಬಂದವಳು, ತಾನೀಗ ಕಾಗದದ ಮೇಲೆ ಏನೂ ಬಿಡಿಸುವುದಿಲ್ಲ, ನಡೆಯುವುದೇ ತನ್ನ ಚಿತ್ರ ಎಂದಳು. ಪರ್ಫಾರ್ಮೆನ್ಸ್ ಅಂತೆ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ತಲೆಯ ಮೇಲೆ ಪುಸ್ತಕವಿಟ್ಟು ನಡೆಯಲು ಕಲಿಸಿದ್ದರು. ನನಗೆ ಗೊತ್ತಿದ್ದ ನಡಿಗೆಯ ಆರ್ಟ್ ಅಷ್ಟೇ. ನಕ್ಕುಬಿಟ್ಟೆ. ಅವಳು ನಗಲಿಲ್ಲ.

ತೀರಿಹೋದ ಅವಳಪ್ಪ ಬೇಸಿಗೆಯಲ್ಲಿ ಮಂದೆ ಹೊಡೆದುಕೊಂಡು ದೊಡ್ಡೇರಿಯಿಂದ ಮಧುಗಿರಿ ಕಡೆಗೆ ಬರುತ್ತಿದ್ದ ದಾರಿ. ಆ ದಾರಿಯಲ್ಲಿ ಕುರಿ ಮೇಯುವ ವೇಗದಲ್ಲಿ ಅವಳು ಬೆಳಗಿನಿಂದ ಸೂರ್ಯ ಮುಳುಗುವವರೆಗೆ ನಡೆಯಬೇಕು, ಅದು ತನಗೆ ತಾನೇ ಹಾಕಿಕೊಂಡ ನಿಯಮ. ಕಾಲಿಗೆ ಅಪ್ಪನ ಮಂದೆಯ ಗಂಟೆ, ಹೆಗಲಿಗೆ ಅಪ್ಪನ ಕಂಬಳಿ. ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ, ಯಾರು ಕೇಳಿದರೂ ಕಾರಣ ಹೇಳುವಂತಿಲ್ಲ.

“ಹರಕೆ ಅಂದ್ಬುಟ್ರೆ ಎಲ್ರೂ ದಾರಿ ಬುಡ್ತಾರೆ ಮೇಡಮ್. ಡಾಕ್ಟ್ರು ಹೇಳವ್ರೆ ಅಂದ್ರೂ ಬುಡ್ತಾರೆ. ಒಬ್ಳು ಹೆಂಗ್ಸು ಸುಮ್ನೆ ನಡೀತಾವ್ಳೆ ಅಂದ್ರೆ ಬುಡ್ತಾರಾ? ನಂಗೆ ಅದೊಂದು ಗೊತ್ತಾಗ್ಬೇಕು.”

ಅದಕ್ಕೊಬ್ಬ ಸಾಕ್ಷಿ ಬೇಕಿತ್ತು. ಇಪ್ಪತ್ತು ಹೆಜ್ಜೆ ಹಿಂದೆ, ಕೊಡೆ ಹಿಡಿದು, ಬಾಯಿ ಮುಚ್ಚಿಕೊಂಡು ಬರುವವರು. ಏನೇ ಆದರೂ ಮಾತಾಡುವುದಿಲ್ಲವೆಂದು ನನ್ನಿಂದ ಪ್ರಾಮಿಸ್ ತೆಗೆದುಕೊಂಡಳು.

ಆ ತಿಂಗಳು ಎಲ್ಲರ ಫೋನಿನಲ್ಲೂ ಮಕ್ಕಳ ಕಳ್ಳರ ಸುದ್ದಿ. ಯಾರೋ ಅಪರಿಚಿತರನ್ನು ಮರಕ್ಕೆ ಕಟ್ಟಿಹಾಕಿದ್ದರೆಂದು ಹಾಲಿನವಳು ಹೇಳಿದ್ದಳು. ನಡಿಗೆಯನ್ನು ಮುಂದಕ್ಕೆ ಹಾಕು ಎಂದು ಮಿಸ್‌ಗೆ ಹೇಳಿದೆ. “ಭಯ ಹೋದ್ಮೇಲೆ ನಡೆದ್ರೆ ಅದು ವಾಕಿಂಗು ಮೇಡಮ್,” ಎಂದಳು.

ದೊಡ್ಡೇರಿಯಲ್ಲಿ ಬಸ್ಸಿಳಿದು, ಕಾಲಿಗೆ ಗಂಟೆ ಕಟ್ಟಿಕೊಂಡು, ನನ್ನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ಹೊರಟಳು. ಒಂದು ಹೆಜ್ಜೆ. ಠಣ್. ಮುಂದಿನ ಹೆಜ್ಜೆಗೆ ಅಷ್ಟೊಂದು ಹೊತ್ತು... ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದವರು ಸೊಂಟಕ್ಕೆ ಕೈಕೊಟ್ಟು ನೋಡಿದರು. ಬಿಸಿಲು ಏರಿದಂತೆ ನನಗೂ ಅದೇನೋ ಸುಖ ಹತ್ತಿತು.

ಊರೊಂದರ ಅಂಚಿನ ಹುಣಸೆಮರದ ಬಳಿ ಬೈಕೊಂದು ನಮ್ಮನ್ನು ದಾಟಿ ಹೋಗಿ, ತಿರುಗಿಸಿಕೊಂಡು ಬಂತು. ಹಿಂದೆಯೇ ಇನ್ನೊಂದು.

“ಯಾವೂರಮ್ಮ?”

ಠಣ್.

“ಲೇ, ಕಿವುಡಿ ಇರ್ಬೇಕು ಕಣ್ಲಾ.”

“ಕಿವುಡಿ ಅಲ್ಲ, ಕಳ್ಳಿ. ಗಂಟೆ ಬಾರಿಸ್ಕಂಡು ಮಕ್ಳುನ್ನ ಕರೀತಾವ್ಳೆ, ನೋಡ್ಲಾ!”

ಹತ್ತು ಜನ ಸೇರಿದರು, ಇಪ್ಪತ್ತಾದರು. ಒಬ್ಬ ಕಂಬಳಿ ಎಳೆದು ಕೊಡವಿ ನೋಡಿದ. ಇನ್ನೊಬ್ಬನ ಕೈಯಲ್ಲಿ ಹಸಿ ಹುಣಸೆ ಬರಲು, ಬೆತ್ತದಂಥ ಕೊಂಬೆ. ಅವಳು ನೆಲ ನೋಡುತ್ತ ನಡೆದೇ ಇದ್ದಳು. ಬರಲು ಹಿಡಿದವನು ಅವಳ ಮುಖಕ್ಕೆ ಮುಖ ಕೊಟ್ಟು, ಅವಳದೇ ವೇಗದಲ್ಲಿ ಹಿಂದೆ ಹಿಂದೆ ಸರಿಯುತ್ತಿದ್ದ. “ಬಾಯ್ ಬುಡ್ತೀಯಾ, ಬುಡಿಸ್ಲಾ?”

ಬರಲು ಮೇಲೆದ್ದಿತು. ನನ್ನ ಬಾಯಿ ಬಿಟ್ಟುಹೋಯಿತು. ಹೆದರಿದಾಗ ನನಗೆ ಬರುವುದು ಸಿಸ್ಟರ್‌ಗಳು ಕಲಿಸಿದ ಭಾಷೆ. “ಸ್ಟಾಪ್ ಇಟ್! ಲೀವ್ ಹರ್ ಅಲೋನ್! ಶಿ ಈಸ್ ಆ್ಯನ್ ಆರ್ಟಿಸ್ಟ್!”

ಎಲ್ಲರೂ ನನ್ನತ್ತ ತಿರುಗಿದರು.

“ಇವ್ರಿಬ್ರೂ ಒಂದೇ ಗ್ಯಾಂಗು ಕಣ್ರಲಾ! ಮುದುಕೀನೇ ಲೀಡ್ರು!”

ಯಾರೋ ನನ್ನ ಕೊಡೆ ಕಿತ್ತುಕೊಂಡರು. ಆಗ ಕೊಡ ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು ಗುಂಪಿನೊಳಗೆ ನುಗ್ಗಿ, ಮಿಸ್‌ನ ಬರಿಗಾಲು ನೋಡಿ, ನನ್ನನ್ನು ಕೇಳಿದಳು. “ಬಾಯೇ ಬುಡಲ್ವಲ್ಲವ್ವ ಈ ಮಗಾ... ಹರಕೆ ಏನವ್ವಾ?”

ಡ್ರಾಯಿಂಗ್ ಮಿಸ್ ತಲೆಯೆತ್ತಿ ನನ್ನನ್ನು ನೋಡಿದಳು. ಬೇಡ ಎಂದೇ ಆ ನೋಟ ಹೇಳುತ್ತಿತ್ತು.

“ಹೂಂ ಕಣಮ್ಮ,” ಎಂದೆ ನಾನು. “ಹರಕೆ.”

ಅಷ್ಟೇ. ಬರಲು ಕೆಳಗಿಳಿಯಿತು. ಮುದುಕಿ ಕೊಡದ ನೀರನ್ನು ಅವಳ ಪಾದಕ್ಕೆ ಸುರಿದಳು. ಬರಲು ಹಿಡಿದಿದ್ದವನೇ ಚಪ್ಪಲಿ ಬಿಟ್ಟು ಕೈಮುಗಿದ. “ತಪ್ಪಾಯ್ತು ಕಣವ್ವ. ನಮ್ಮವ್ವಂಗೆ ಮಂಡಿನೋವು, ಅದ್ಕೂ ಒಂದ್ಮಾತು ಬೇಡ್ಕೊ.”

ಬೆಳಗಿನಿಂದ ನಿಲ್ಲದಿದ್ದ ಗಂಟೆ ನಿಂತಿತು. ಒದ್ದೆ ಕಾಲಿನಲ್ಲಿ ಅವಳು ಕುಕ್ಕರಗಾಲಲ್ಲಿ ಕೂತು ಅದನ್ನು ಬಿಚ್ಚಿದಳು.

“ಮುಗೀತೇನವ್ವ ಹರಕೆ?” ಮುದುಕಿ ಕೇಳಿದಳು.

“ಮುಗೀತು,” ಎಂದಳು.

ಬಸ್ಸಿನಲ್ಲಿ ಅವಳು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. “ನನ್ ಜೀವ ಉಳಿಸಿದ್ರಿ ಮೇಡಮ್,” ಎಂದಳು. ಸ್ವಲ್ಪ ದೂರ ಹೋದ ಮೇಲೆ, “ಇನ್ನೊಂದ್ ಗಳಿಗೆ ಸುಮ್ನಿದ್ದಿದ್ರೆ...” ಎಂದವಳು ಕಿಟಕಿಯ ಕಡೆ ತಿರುಗಿದಳು. ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ಹೊಡೆಯುತ್ತಿದ್ದರೋ, ದಾರಿ ಬಿಡುತ್ತಿದ್ದರೋ... ಅದು ಅವಳಿಗೂ ತಿಳಿಯದಂತೆ ಮಾಡಿದವಳು ನಾನು. ಇವತ್ತು ಅದೇ ಜಾಗದಲ್ಲಿ ನಿಲ್ಲಿಸಿದರೂ ಅದೇ ಸುಳ್ಳು ಹೇಳುತ್ತೇನೆ. ಅದಕ್ಕೇ ಕ್ಷಮೆ ಕೇಳಲು ಬಾಯಿ ಬರಲಿಲ್ಲ.

ಅವಳೀಗ ಇಲ್ಲಿಲ್ಲ. ಅವಳ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ತೆಲುಗಿನಲ್ಲಿ ಮಾತಾಡುತ್ತಾರೆ. ಮೊನ್ನೆ ಬೆಳಿಗ್ಗೆ ನಾನು ನಿಧಾನವಾಗಿ ನಡೆಯುತ್ತಿದ್ದಾಗ ಎದುರುಮನೆಯವಳು ಕೂಗಿದಳು. “ಏನ್ ಆಂಟಿ, ವಾಕಿಂಗಾ? ಶುಗರ್‌ಗಾ?” “ಇಲ್ಲಮ್ಮ, ಸುಮ್ನೆ,” ಎಂದೆ. ಅವಳು ಪೊರಕೆ ಹಿಡಿದುಕೊಂಡು ನಾನು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಲೇ ಇದ್ದಳು.

ದೊಡ್ಡೇರಿಯ ಆ ನಡಿಗೆಯಾಗಿ ಹದಿನೈದು ದಿನಕ್ಕೆ ಡ್ರಾಯಿಂಗ್ ಮಿಸ್ ಕೋಣೆ ಖಾಲಿ ಮಾಡಿದಳು, ಪಾವಗಡದ ಕಡೆ ಕೆಲಸ ಸಿಕ್ಕಿತೆಂದು. ಅವಳು ಹೋದ ಮೇಲೆ ನೋಡಿದರೆ ಗೋಡೆಯ ಮೊಳೆಯಲ್ಲಿ ಗಂಟೆ. ಅದನ್ನು ತೆಗೆದುಕೊಂಡು ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಪಾವಗಡದ ಬಸ್ಸು ಆಗಲೇ ಹೊರಟಿತ್ತು. ಅವಳು ಅದರ ಹಿಂದೆ ಓಡುತ್ತಿದ್ದಳು. ಅವಳು ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಹತ್ತಿ, ಬಾಗಿಲಲ್ಲಿ ತಿರುಗಿದಳು. ನಾನು ಗಂಟೆ ಎತ್ತಿ ಹಿಡಿದು, ಕೂಗಲು ಬಾಯಿ ತೆರೆದೆ. ಅವಳು ತುಟಿಯ ಮೇಲೆ ಬೆರಳಿಟ್ಟಳು.