ಆ ಒಂದು ವಾರ ಜೊತೆಗಿದ್ದವರು

ಸಂತಾನ ಚಿಕಿತ್ಸೆಯಿಂದ ಗರ್ಭ ಧರಿಸಿದವರ ಮೊದಮೊದಲ ಸ್ಕ್ಯಾನ್ ಓದುವ ವಿದ್ಯೆಯಲ್ಲಿ, ಇದೀಗ ನಿವೃತ್ತರಾಗುತ್ತಿರುವ ‘ದೊಡ್ಡ ಮೇಡಂ’ ಅವರನ್ನು ಸರಿಗಟ್ಟುವವರು ವಿರಳ. ಭ್ರೂಣವಿರುವ ಸಣ್ಣ ಚೀಲವೊಂದರ ಆಕಾರ, ಅಂಚು, ಅದರೊಳಗಿನ ಮಿಡಿತವನ್ನು ನೋಡಿ ಆ ಬಸಿರಿನ ಹಾದಿಯನ್ನು ಅಂದಾಜಿಸಲು ಅವರು ಒಂದು ತಲೆಮಾರಿನ ವೈದ್ಯರಿಗೆ ಕಲಿಸಿದರು. ಹಾಗೆ ಕಲಿತವರಲ್ಲಿ ಒಬ್ಬಳು, ಬಹುಕಾಲದ ಚಿಕಿತ್ಸೆಯ ನಂತರ, ತಾನೇ ಅವರ ಸ್ಕ್ಯಾನ್ ಮಂಚದ ಮೇಲೆ ಮಲಗಬೇಕಾಗಿ ಬಂತು.

ಪರದೆಯ ಮೇಲೆ ಚೀಲ ಕಿರಿದಾಗಿತ್ತು, ಬಡಿತ ಮಂದವಾಗಿತ್ತು. ಸಹಜ ಬಸಿರಾದರೆ ದಿನದ ಲೆಕ್ಕ ತಪ್ಪಿರಬಹುದೆಂದು ಸಮಾಧಾನ ಪಟ್ಟುಕೊಳ್ಳಬಹುದು. ಭ್ರೂಣವನ್ನು ಇರಿಸಿದ ದಿನವೇ ಗೊತ್ತಿರುವಾಗ ಆ ಆಸರೆಯೂ ಇಲ್ಲವೆಂದು ಶಿಷ್ಯೆಗೆ ತಿಳಿದಿತ್ತು.

“ಇದು ಉಳಿಯಲ್ಲ ಅಲ್ವಾ ಮೇಡಂ?”

“ಬಡಿತ ನಿಧಾನ ಇದೆ, ನಿನ್ನ ಹತ್ರ ಮುಚ್ಚಿಡಲ್ಲ. ಇಂಥವು ಹೆಚ್ಚಿನವು ಉಳಿಯಲ್ಲ, ಕೆಲವು ಉಳಿದಿವೆ. ಇದು ಯಾವುದು ಅಂತ ನನಗೆ ಗೊತ್ತಿಲ್ಲ. ಮುಂದಿನ ವಾರ ನೋಡೋಣ. ಅಲ್ಲೀವರೆಗೆ ನೀನು ಡಾಕ್ಟರಲ್ಲ ಕಣಮ್ಮ, ಬಸುರಿ.”

ಆ ವಾರವಿಡೀ ಅವರು ಪ್ರತಿದಿನ ಫೋನ್ ಮಾಡಿದರು. ಸ್ಕ್ಯಾನಿನ ಮಾತೆತ್ತದೆ, ಊಟವಾಯಿತೇ ಎಂದು ಕೇಳಿ, ಆಸ್ಪತ್ರೆಯ ಕೆಟ್ಟು ನಿಂತ ಲಿಫ್ಟಿಗೆ ಮನಸಾರೆ ಬೈದು, ಫೋನ್ ಇಡುತ್ತಿದ್ದರು.

ವಾರ ಕಳೆದು ಮತ್ತೆ ಸ್ಕ್ಯಾನ್ ಮಾಡಿದಾಗ ಅವರು ಬಡಿತವನ್ನು ಎರಡೆರಡು ಸಲ ಅಳೆದರು. ಆಮೇಲೆ ಪರದೆಯನ್ನು ಅವಳತ್ತ ತಿರುಗಿಸಿ, “ನೀನೇ ಓದು” ಎಂದರು. ಬಡಿತ ಚುರುಕಾಗಿತ್ತು. ಗುರು ಶಿಷ್ಯೆಯರಿಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರೆ ಮೂಲೆಯಲ್ಲಿ ನಿಂತ ಗಂಡ, “ಒಳ್ಳೇದಾ ಕೆಟ್ಟದ್ದಾ, ಯಾರಾದ್ರೂ ಹೇಳ್ರಪ್ಪಾ” ಎಂದು ಗೋಗರೆದ.

ತುಸು ಮುಂಚಿತವಾಗಿ, ಅಂಗೈಯಗಲದ ಮುಖ ಹೊತ್ತು ಹುಟ್ಟಿದ ಆ ಹೆಣ್ಣುಮಗು ಈಗ ಮನೆಯಲ್ಲಿ ಯಾರಿಗೂ ಬಾಯಿ ತೆರೆಯಲು ಬಿಡುವುದಿಲ್ಲ.

ಎರಡನೆಯ ಬಸಿರು ನಿಲ್ಲಲಿಲ್ಲ. ಅಂದೂ ಮೇಡಂ ಸುತ್ತಿ ಬಳಸದೆ, “ಬಡಿತ ನಿಂತಿದೆ ಮಗಳೇ” ಎಂದರು. ಯಂತ್ರ ಆರಿಸಿ, ಅವಳು ತಾನಾಗಿ ಏಳುವವರೆಗೂ ಕೈ ಹಿಡಿದು ಪಕ್ಕದಲ್ಲೇ ಕೂತರು. ಶಿಷ್ಯೆ ಎರಡೂ ದಿನಗಳಿಗೆ ಸಮನಾಗಿ ಋಣಿ.

ನಿವೃತ್ತಿಯ ನಂತರವೂ ಕಿರಿಯರಿಗೆ ಪಾಠ ಹೇಳಲು ಅವರು ಒಪ್ಪಿದ್ದಾರೆ. ಅವರ ಕಣ್ಣು ಹೀಗೇ ನಿಚ್ಚಳವಾಗಿರಲಿ, ಆಯುಸ್ಸು ಬೆಳೆಯಲಿ. ಆ ಕತ್ತಲ ಸ್ಕ್ಯಾನ್ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಮಲಗುವ ಪ್ರತಿ ಹೆಣ್ಣಿಗೂ, ಅವರಿಂದ ಕಲಿತವರೊಬ್ಬರು ಪಕ್ಕದಲ್ಲಿರಲಿ.