ಬೆಳಿಗ್ಗೆ ಕವಾಯತು, ಸಂಜೆ ಮೆರವಣಿಗೆ

ನಮ್ಮ ಬೀದಿಯ ಕೊನೆಯಲ್ಲಿ ಹೊಸದಾಗಿ ಒಂದು ಗಾಣ ಬಂದಿದೆ. ಮೊನ್ನೆ ಸಂಜೆ ಪಾಠ ಮುಗಿಸಿ ಶಾಲೆಯಿಂದ ಬರುವಾಗ, ಆಗಷ್ಟೇ ಹಿಂಡಿದ ಶೇಂಗಾ ಎಣ್ಣೆಯ ವಾಸನೆ ಮೂಗಿಗೆ ಬಡಿದು, ಸೊಪ್ಪಿನ ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ. ಕಾಲು ಮೊಳಕಾಲ್ಮೂರಿನಲ್ಲಿತ್ತು, ಮೂಗು ಮಾತ್ರ ಚಳ್ಳಕೆರೆಗೆ ಹೋಗಿತ್ತು. ನೀವು ಆ ಊರಲ್ಲಿ ನಾಲ್ಕು ದಿನ ಇದ್ದವರಾದರೆ ಬಲ್ಲಿರಿ, ಅಲ್ಲಿ ಗಾಳಿಗೂ ಎಣ್ಣೆಯ ಜಿಡ್ಡು.

ನಮ್ಮ ಮನೆ ಇದ್ದದ್ದು ಎಣ್ಣೆ ಮಿಲ್ಲಿನ ಹಿಂದೆ. ಅಬ್ಬಾ ಹಗಲೆಲ್ಲ ಲಾರಿಗಳ ರೇಡಿಯೇಟರ್ ರಿಪೇರಿ ಮಾಡುತ್ತಿದ್ದರು, ಮದುವೆಗಳಿಗೆ ತಮ್ಮ ಬ್ಯಾಂಡ್‌ಸೆಟ್ ಕಟ್ಟಿಕೊಂಡು ಹೋಗಿ ಕ್ಲಾರಿನೆಟ್ ಊದುತ್ತಿದ್ದರು. ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ತಾಳಕ್ಕೆ ಯಾರಾದರೂ ಬೇಕಲ್ಲ? ಅಮ್ಮಿ ಖಾಲಿ ಎಣ್ಣೆ ಡಬ್ಬಿ ಬೋರಲು ಹಾಕಿಕೊಂಡು ಎರಡು ಕಡ್ಡಿ ಹಿಡಿದು ಕೂರುತ್ತಿದ್ದಳು. ಸಾರು ಉಕ್ಕಿದರೆ ಕಡ್ಡಿ ನನ್ನ ಕೈಗೆ ಕೊಟ್ಟು ಒಲೆಯ ಕಡೆ ಓಡುತ್ತಿದ್ದಳು. ಸಾರು ಮೇಲಿಂದ ಮೇಲೆ ಉಕ್ಕುತ್ತಿದ್ದುದರಿಂದ ನಾನೂ ಕಲಿತೆ. ನನ್ನ ಸಂಗೀತ ವಿದ್ಯಾಭ್ಯಾಸ ಇಷ್ಟೇ.

ಆ ವಿದ್ಯೆ ತೊಂಬತ್ತರ ದಶಕದ ಕೊನೆಗೆ, ನಾನು ಬಿ.ಎಡ್. ಓದುವಾಗ, ಕೆಲಸಕ್ಕೆ ಬಂತು. ಪಾಠ ಮಾಡಿ ಪಳಗಲಿ ಎಂದು ನನ್ನನ್ನು ಹೆಣ್ಣುಮಕ್ಕಳ ಹೈಸ್ಕೂಲಿಗೆ ಹಾಕಿದ್ದರು. ಅಲ್ಲಿ ಬ್ಯಾಂಡು ಕಲಿಸುತ್ತಿದ್ದ ಡ್ರಿಲ್ ಮೇಷ್ಟ್ರಿಗೆ ವರ್ಗವಾಗಿತ್ತು, ಆಗಸ್ಟ್ ಹದಿನೈದು ಹತ್ತಿರ ಬಂದಿತ್ತು. ಸ್ಟಾಫ್ ರೂಮಿನ ಮೇಜಿನ ಮೇಲೆ ನಾನು ಬೆರಳಾಡಿಸುವುದನ್ನು ಕಂಡ ಹೆಡ್‌ ಮೇಡಂ, "ಬ್ಯಾಂಡು ನೀನೇ ನೋಡ್ಕೊಳ್ಳಮ್ಮ" ಎಂದುಬಿಟ್ಟರು.

ಹಬ್ಬದ ಬೆಳಿಗ್ಗೆ ಬಿಳಿ ಸೀರೆಗೆ ಗಂಜಿ ಹಾಕಿ, ನಡೆದರೆ ಬರಬರ ಸದ್ದು ಬರುವಂತೆ ಉಟ್ಟು ಹೋದೆ. ಮೈದಾನದ ಬಾಗಿಲಲ್ಲೇ ದೊಡ್ಡ ಡ್ರಮ್ಮಿನ ಪಟ್ಟಿ ಹರಿಯಿತು. ಯಾರದೋ ಜಡೆಯ ರಿಬ್ಬನ್ ಬಿಚ್ಚಿಸಿ ಕಟ್ಟಿದೆ. ಇನ್ನೊಂದು ಹುಡುಗಿ ಗಾಬರಿಗೆ ಎಡ ಯಾವುದು ಬಲ ಯಾವುದು ಮರೆತಳು. ಅವಳ ಪಕ್ಕದಲ್ಲೇ ನಾನೂ ಒಂದು ಡ್ರಮ್ ನೇತುಹಾಕಿಕೊಂಡು ಬಾರಿಸುತ್ತಾ ನಡೆದೆ. ಊರಿಗೆ ಊರೇ ಚಪ್ಪಾಳೆ ತಟ್ಟಿತು.

ಬಾಗಿ ಹೋಗುವಷ್ಟು ಹೊಗಳಿಕೆ ಹೊತ್ತು ಮನೆಗೆ ಬಂದರೆ, ಅಬ್ಬಾ ಕೆಂಪು ಕೋಟು ತೊಟ್ಟು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಸಂಜೆ ರಾಂಪುರದಲ್ಲಿ ಮದುವೆ ಮೆರವಣಿಗೆ. ಸೈಡ್ ಡ್ರಮ್ಮಿನ ಬಾಷಾ ಚಾಚಾಗೆ ಕಾಮಾಲೆ. ಬೇರೆ ಯಾರೂ ಸಿಕ್ಕಿರಲಿಲ್ಲ. ನಮ್ಮ ಮನೆಮಾತು ಉರ್ದು, ನಿಮಗೆಂದು ಕನ್ನಡದಲ್ಲಿ ಹೇಳುತ್ತೇನೆ.

"ಇವಳನ್ನ ಕರ್ಕೊಂಡು ಹೋಗಿ," ಅಂದಳು ಅಮ್ಮಿ.

"ಟೀಚರ್ ಆಗೋಳು ಮದುವೆ ಮೆರವಣಿಗೇಲಿ ಬಾರಿಸೋದಾ? ಜನ ಏನಂತಾರೆ?"

"ಬೆಳಿಗ್ಗೆ ಊರ ಮುಂದೆ ಬಾರಿಸಿದಳಲ್ಲ, ಆಗ ಏನಂದ್ರು?"

ಅಬ್ಬಾ ಎದ್ದು ಕ್ಲಾರಿನೆಟ್ ಕೈಗೆತ್ತಿಕೊಂಡರು. ನನಗೂ ಅದೇ ಸೋಜಿಗ. ಅದೇ ಕೈ, ಅದೇ ಡ್ರಮ್, ಬೆಳಿಗ್ಗೆ ಶಿಸ್ತು ಅನ್ನಿಸಿಕೊಂಡದ್ದು ಸಂಜೆಗೆ ಹೇಗೆ ಮಾನದ ಪ್ರಶ್ನೆಯಾಗುತ್ತದೆ? ತಿಳಿಯಬೇಕೆನ್ನುವ ಆಸೆಗೇ ಬ್ಯಾಂಡ್‌ಸೆಟ್ಟಿನ ವ್ಯಾನು ಹತ್ತಿದೆ. ಗಂಜಿ ಸೀರೆ ಬದಲಿಸಲೂ ಪುರಸೊತ್ತಾಗಲಿಲ್ಲ.

ರಾಂಪುರದಲ್ಲಿ ವರನ ಸೋದರಮಾವ ನನ್ನನ್ನು ಕಂಡವನೇ, "ಏಮಯ್ಯಾ ಇದಿ?" ಎಂದು ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಇಳಿದ. "ಏನ್ ಸಾಬ್ರೇ, ಹೆಣ್ಣುಡುಗಿ ಕೈಲಿ ಡ್ರಮ್ ಬಾರಿಸ್ತೀರಾ? ನಮ್ಮ ಮರ್ಯಾದಿ ಏನಾಗ್ಬೇಕ್ರಿ?"

ಮನೆಯಲ್ಲಿ ಅದೇ ಮಾತಾಡಿದ್ದ ಅಬ್ಬಾ ಈಗ ಕೋಟಿನ ಗುಂಡಿ ಸರಿಮಾಡಿಕೊಂಡರು. "ನನ್ನ ಮಗಳ್ರಿ. ಮೊದ್ಲು ಕೇಳ್ರಿ. ಸರಿ ಇಲ್ಲ ಅಂದ್ರೆ ವ್ಯಾನು ಇಲ್ಲೇ ಐತೆ, ವಾಪಸ್ ಹೋಗ್ತೀವಿ."

ಶುರುವಾಯಿತು. ಆದರೆ ಬೆಳಗಿನ ಕವಾಯತು ಇನ್ನೂ ನನ್ನ ಮಣಿಕಟ್ಟಿನಿಂದ ಇಳಿದಿರಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನೋಡುತ್ತೇನೆ, ಬೀಗರು ಸಾಲಾಗಿ ಎಡ-ಬಲ, ಎಡ-ಬಲ ಹೆಜ್ಜೆ ಹಾಕುತ್ತಿದ್ದಾರೆ! ಸೋದರಮಾವನಂತೂ ಎದೆ ಮುಂದೆ ಮಾಡಿ ಪೊಲೀಸಿನವನಂತೆ ನಡೆಯುತ್ತಿದ್ದ. ತೆರೆದ ಜೀಪಿನಲ್ಲಿದ್ದ ವರ ಸೆಲ್ಯೂಟ್ ಹೊಡೆಯುವುದೊಂದು ಬಾಕಿ. ಅಬ್ಬಾ ಕ್ಲಾರಿನೆಟ್ ತೆಗೆದು, "ಬೇಟಿ, ಇದು ಮದುವೆ. ಅವರ ಕಾಲು ನೋಡು" ಅಂದರು.

ನೋಡಿದೆ. ಶಾಲೆಯಲ್ಲಿ ಕಾಲುಗಳು ಡ್ರಮ್ಮಿನ ಮಾತು ಕೇಳುತ್ತವೆ. ಇಲ್ಲಿ ಡ್ರಮ್ಮೇ ಕಾಲುಗಳ ಮಾತು ಕೇಳಬೇಕು. ಆರತಿಗೆ ನಿಂತರೆ ನಿಲ್ಲಬೇಕು, ಹುಡುಗರು ಕುಣಿದರೆ ಕೆಣಕಬೇಕು, ಮುದುಕಿಯರು ಹಿಂದೆ ಬಿದ್ದರೆ ಕಾಯಬೇಕು. ಒಂದೆರಡು ಬಾರಿ ಎಡವಿದೆ, ಆಮೇಲೆ ಕೈ ತಾನಾಗಿ ಹಗುರವಾಯಿತು. ಗಂಡಸರ ಬ್ಯಾಂಡಿನಿಂದ ಮಾರು ದೂರ ನಡೆಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಅವರಲ್ಲಿ ವರನ ಅಜ್ಜಿ ನನ್ನ ಕೈಯನ್ನೇ ನೋಡುತ್ತಾ ಕೇಳಿದಳು:

"ಯಾರ ಮಗಳವ್ವಾ ನೀನು?"

"ಕ್ಲಾರಿನೆಟ್ ಊದ್ತಾರಲ್ಲಜ್ಜಿ, ಅವರ ಮಗಳು. ಟೀಚರ್ ಕೆಲಸಕ್ಕೆ ಓದ್ತಿದೀನಿ."

"ಓದಿದೋರೂ ಬಾರಿಸ್ತಾರಾ?" ಎಂದು ಅಚ್ಚರಿಪಟ್ಟು, ಸೋದರಮಾವನ ಕಡೆ ತಿರುಗಿದಳು. "ಲೇ, ಬಿರಬಿರನೆ ಹೋಗ್ಬ್ಯಾಡ. ಈ ಹುಡುಗಿ ಬಾರಿಸೋದು ಇನ್ನಷ್ಟು ಕೇಳ್ಬೇಕು."

ಆತ ಕೈ ಅಡ್ಡ ಹಿಡಿದು ಜೀಪನ್ನು ನಿಲ್ಲಿಸಿದ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುಬೀದಿಯಲ್ಲಿ ಎರಡು ಸುತ್ತು ಕುಣಿದಳು. ಮರ್ಯಾದೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮಿ ರೊಟ್ಟಿ ತಟ್ಟುತ್ತಾ ಕೇಳಿದ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಜನ ಬ್ಯಾಂಡಿನ ಹಿಂದೆ ನಡೀತಾರೋ ಮುಂದೋ? ಬೀದಿ ತಿರುಗಿದರೆ ಸದ್ದು ಬದಲಾಗುತ್ತಾ? ಆಗ ಹೊಳೆಯಿತು. ಅಬ್ಬಾ ಊದುವ ಪ್ರತಿ ಹಾಡಿನ ತಾಳವೂ ಅವಳಿಗೆ ಗೊತ್ತು. ಆ ತಾಳಕ್ಕೆ ಮೆರವಣಿಗೆಯಲ್ಲಿ ಒಂದು ಕಾಲು ಕುಣಿದದ್ದನ್ನೂ ಅವಳು ಕಂಡವಳಲ್ಲ.

ಅಬ್ಬಾ ಈಗಿಲ್ಲ. ಅಮ್ಮಿ ನನ್ನ ಜೊತೆಗೇ ಇದ್ದಾಳೆ. ಮೊನ್ನೆ ಗಾಣದ ಮುಂದಿನಿಂದ ಮನೆಗೆ ಬಂದವಳು ಚೀಲ ಕೆಳಗಿಟ್ಟು, "ಅಮ್ಮಿ, ನಾಳೆ ನಮ್ಮ ಶಾಲೆಗೆ ಬರ್ತೀಯಾ? ಬ್ಯಾಂಡಿನ ಹುಡುಗೀರಿಗೆ ಕೈ ಕೂಡ್ತಿಲ್ಲ" ಅಂದೆ.

"ನಾನು ಬಂದು ಏನ್ಮಾಡ್ಲಿ? ಸುಮ್ನಿರು," ಅಂದಳು. ಸೊಪ್ಪು ಬಿಡಿಸಲು ಕೂತಳು. ಅರ್ಧ ಕಂತೆ ಮುಗಿಯಿತು.

"ಮೈದಾನದಲ್ಲಿ ಮುಳ್ಳು ಐತೇನೇ? ಯಾವ ಚಪ್ಪಲಿ ಹಾಕ್ಕೊಳ್ಲಿ?"