ಫೋನುಗಳು ಮಲಗುವ ಅಂಗಡಿ

ಕಳೆದ ಭಾನುವಾರ ನನ್ನ ಅಕ್ಕನ ಮಗಳು ಸಿಂಧು ಲ್ಯಾಪ್‌ಟಾಪ್ ಬಿಚ್ಚಿ, ಬಾಳೂರಿನ ಹತ್ತಿರ ನಮ್ಮ ತೋಟದ ಗುಡ್ಡದ ಕೆಳಗೆ ಯಾರೂ ವಾಸವಿಲ್ಲ ಎಂದು ನಕ್ಷೆಯಲ್ಲಿ ತೋರಿಸಿದಳು.

ಅಲ್ಲಿ ನಮ್ಮ ಲೈನ್ ಇದೆ, ತೋಟದ ಕೆಲಸದವರ ಸಾಲುಮನೆಗಳು. ಅಲ್ಲಿನ ಗಿರಿಜಾ ಅವತ್ತು ಬೆಳಿಗ್ಗೆ ತಾನೇ ಮೊಮ್ಮಗಳನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದುಹೋಗಿದ್ದಳು. (ದೆವ್ವವಂತೂ ಅಲ್ಲ, ಎರಡು ಲೋಟ ಕಾಫಿ ಕುಡಿದಳು.)

ಸಿಂಧು ಸಂಶೋಧನಾ ತಂಡವೊಂದರಲ್ಲಿದ್ದಾಳೆ. ಗುಡ್ಡ ಜಾರಿದರೆ ಯಾರಿಗೆ ಅಪಾಯ, ಮೊದಲು ಯಾರನ್ನು ಬೇರೆಡೆಗೆ ಸಾಗಿಸಬೇಕು ಎಂದು ಸರ್ಕಾರಕ್ಕೆ ಹೇಳುವ ಕೆಲಸ. ಮನೆಮನೆ ತಿರುಗುವ ರಗಳೆ ಇಲ್ಲ. ಮೊಬೈಲು ರಾತ್ರಿ ಎಲ್ಲಿರುತ್ತದೋ ಅಲ್ಲಿ ಜನ ಮಲಗಿದ್ದಾರೆ ಎಂಬ ಲೆಕ್ಕ. ಬಿಗ್ ಡೇಟಾ, ಸ್ವಾಮಿ.

ಗುಡ್ಡದ ಮೇಲಿನ ರಸ್ತೆ ತಿರುವಿನಲ್ಲಿ ಮಾತ್ರ ದಪ್ಪ ಕೆಂಪು ಚುಕ್ಕಿ.

"ಇದೇನಮ್ಮ?"

"ಅಲ್ಲಿ ತುಂಬಾ ಜನ ಮಲಗ್ತಾರೆ ಮಾವ. ದೊಡ್ಡ ಕಾಲೋನಿ ಇರ್ಬೇಕು."

ಅದು ಸುಬ್ಬಣ್ಣನ ಗೂಡಂಗಡಿ. ನಗು ಬಂತು.

ಲೈನಿನಲ್ಲಿ ಸಿಗ್ನಲ್ ಇಲ್ಲ. ಮಳೆ ಹಿಡಿದರೆ ಕರೆಂಟೂ ಇಲ್ಲ. ಹಾಗಾಗಿ ಸಂಜೆ ಕೆಲಸ ಬಿಟ್ಟು ಕೆಳಗಿಳಿಯುವಾಗ ಎಲ್ಲರೂ ಫೋನನ್ನು ಸುಬ್ಬಣ್ಣನ ಅಂಗಡಿಯಲ್ಲಿ ಚಾರ್ಜಿಗೆ ಹಾಕುತ್ತಾರೆ. (ಅವನಲ್ಲಿ ಇನ್ವರ್ಟರ್ ಇದೆ.) ಬೆಳಿಗ್ಗೆ ಬಂದು ತೆಗೆದುಕೊಳ್ಳುತ್ತಾರೆ.

ನಿಜ ಹೇಳಲೇ? ನನಗೆ ಭಯವಾಯಿತು. ಹೋದ ಮಳೆಗಾಲದಲ್ಲಿ ಗಿರಿಜಾಳ ಮನೆ ಹಿಂದಿನ ಧರೆ ಕುಸಿದಿತ್ತು. ಪುಣ್ಯಕ್ಕೆ ಹಗಲು ಹೊತ್ತು, ಎಲ್ಲರೂ ಕೆಲಸಕ್ಕೆ ಹೋಗಿದ್ದರು.

ಇದನ್ನೆಲ್ಲ ಕೇಳಿ ಸಿಂಧುವಿನ ಮುಖ ಸಪ್ಪಗಾಯಿತು. "ಇದೊಂದನ್ನ ಸೇರಿಸ್ತೀನಿ ಮಾವ. ಇಂಥವು ಇನ್ನೆಷ್ಟಿದಾವೋ. ಪ್ರತಿ ಗುಡ್ಡಕ್ಕೂ ನಿಮ್ಮಂಥವ್ರನ್ನ ಎಲ್ಲಿಂದ ತರ್ಲಿ?"

ಡೇಟಾ ಬೇಡ ಅನ್ನುವಷ್ಟು ಹಳಬ ನಾನಲ್ಲ. ಆದರೆ ಒಂದು ಜಾಗದಲ್ಲಿ ಜನರೇ ಇಲ್ಲ ಎಂದು ಬರೆಯುವ ಮೊದಲು, ಒಬ್ಬರಾದರೂ ಜೀಪು ಹತ್ತಿ ಬಂದು ನೋಡಬೇಡವೇ?

ಮರುದಿನ ಗಿರಿಜಾಳಿಗೆ, ಫೋನ್ ಮನೆಯಲ್ಲೇ ಇಟ್ಟುಕೋ ಎಂದೆ.

"ಸಿಗ್ನಲ್ ಇಲ್ದಿದ್ ಫೋನ್ ಮನೇಲಿಟ್ಕಂಡು ಎಂತ ಮಾಡದು ಗೌಡ್ರೇ?" ಎಂದಳು.

ಸಂಜೆ ಸಿಂಧುವಿಗೆ ಕಾಲ್ ಮಾಡಿ, ಲೈನನ್ನು ಸೇರಿಸಿದೆಯಾ ಎಂದು ಕೇಳಿದೆ.

"ಸೇರ್ಸಿದೀನಿ ಮಾವ, ಹೆದರ್ಬೇಡಿ. ಗುಡ್ಡ ಜಾರೋ ಸೂಚನೆ ಸಿಕ್ರೆ ನಡುರಾತ್ರಿ ಆದ್ರೂ ಎಲ್ಲರ ಮೊಬೈಲಿಗೂ ಮೆಸೇಜ್ ಹೋಗುತ್ತೆ."

ಹೋಗುತ್ತದೆ. ಬೀಗ ಹಾಕಿದ ಅಂಗಡಿಯೊಳಗೆ ಅಷ್ಟೂ ಫೋನುಗಳು ಒಟ್ಟಿಗೆ ಕೂಗಿಕೊಳ್ಳುತ್ತವೆ. ಕೆಳಗೆ ಮಲಗಿರುವ ಗಿರಿಜಾಳನ್ನೂ ಆ ಮಗುವನ್ನೂ ಎಬ್ಬಿಸುವವರು ಯಾರು?